ಮೇಣದ ಉರುಳೆಯ ಸಂಕೋಚ

ಹಳೆಯ ಫೋನೋಗ್ರಾಫಿನ ಮೇಣದ ಉರುಳೆಯೊಂದು ತುಂಬ ಸಂಕೋಚದ ಸ್ವಭಾವದ್ದು. ಅದರ ಮೈಮೇಲಿನ ಕೂದಲೆಳೆಯಂಥ ಗೆರೆಗಳಲ್ಲಿ ತೀರಿಹೋದ ಅಜ್ಜಿಯೊಬ್ಬರ ದನಿಯಿತ್ತು: "ಚಂಪೀ, ಹಾಲು ಆರಿಹೋಗ್ತಿದೆ, ಬಾರೇ!" ಆ ಚಂಪಿ ಈಗ ತಲೆ ನರೆತ ಚಂಪಕಮ್ಮ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಉರುಳೆಯನ್ನು ತಂಪು ಕಪಾಟಿನಿಂದ ತೆಗೆದು, ಯಂತ್ರಕ್ಕೇರಿಸಿ ಪೂಜೆ ಮಾಡಿ, ಸಂಜೆ ಆ ಕೂಗನ್ನು ಕೇಳಿಸಿಕೊಳ್ಳುತ್ತಿದ್ದರು.

ಈ ಸಲ ದೊಡ್ಡ ಹಿತ್ತಾಳೆ ದೀಪವನ್ನು ಅದರ ಮಗ್ಗುಲಲ್ಲೇ ಹಚ್ಚಿಟ್ಟರು.

"ನನ್ನ ಶಾಖ ತಾಗ್ತಿದೆಯೇನಮ್ಮಾ?" ದೀಪ ಉರುಳೆಯನ್ನು ಕೇಳಿತು.

ತಾಗುತ್ತಿತ್ತು. ಆದರೆ ಹಬ್ಬದ ದಿನ ದೀಪಕ್ಕೆ ದೂರ ಸರಿ ಅನ್ನುವುದು ಹೇಗೆ? "ಪರವಾಗಿಲ್ಲ," ಎಂದಿತು ಉರುಳೆ.

ಸ್ವಲ್ಪ ಹೊತ್ತಾದ ಮೇಲೆ ದೀಪ ಮತ್ತೆ ಕೇಳಿತು. "ಮುಖ ಯಾಕೋ ಬಾಡಿದೆಯಲ್ಲ? ಬೇಕಾದರೆ ಬತ್ತಿ ತಗ್ಗಿಸ್ತೀನಿ."

"ಅಯ್ಯೋ, ನನಗೋಸ್ಕರ ನಿಮಗ್ಯಾಕೆ ತೊಂದರೆ? ಆರಾಮಾಗಿ ಉರೀರಿ." ಗೆರೆಗಳು ಒಂದರೊಳಗೊಂದು ಕರಗುತ್ತಿದ್ದರೂ ಉರುಳೆ ನಗುತ್ತಲೇ ಇತ್ತು.

ಸಂಜೆ ಚಂಪಕಮ್ಮ ಸೂಜಿ ಇಳಿಸಿ, ಕಹಳೆಗೆ ಕಿವಿಗೊಟ್ಟು ಕೂತರು. ಗೊರಗೊರ ಸದ್ದೊಂದು ಬಂತು. ಅದರಲ್ಲಿ ಹಾಲೂ ಇರಲಿಲ್ಲ, ಚಂಪಿಯೂ ಇರಲಿಲ್ಲ. "ಅಜ್ಜೀ?" ಎಂದರು ಅವರು, ಚಿಕ್ಕ ಹುಡುಗಿಯ ಹಾಗೆ.

ದೀಪಕ್ಕೆ ತಡೆಯಲಾಗಲಿಲ್ಲ. "ಎರಡೆರಡು ಸಲ ಕೇಳಿದೆನಲ್ಲೇ, ಒಂದು ಮಾತು ಹೇಳಬಾರದಿತ್ತೇ?"

"ಸಂಕೋಚವಾಯಿತು," ಎಂದಿತು ಉರುಳೆ.

"ಸಂಕೋಚ ನಿನ್ನದು, ಒಪ್ಪಿದೆ. ದನಿ ಅಜ್ಜಿಯದಲ್ಲವೇ?"