ಅಂಬಿಗನ ಮಾತು

“ಗುರುಗಳೇ, ನನ್ನ ದೃಶ್ಯದ ಮಾತುಗಳೆಲ್ಲ ಬಾಯಿಪಾಠವಾಗಿವೆ. ನೋಡಿದವರು ಚೆನ್ನಾಗಿದೆ ಎನ್ನುತ್ತಾರೆ, ಮನೆ ಮುಟ್ಟುವಷ್ಟರಲ್ಲಿ ಮರೆಯುತ್ತಾರೆ. ಮನಸ್ಸಿನಲ್ಲಿ ಉಳಿಯಬೇಕಾದರೆ ಏನು ಬೇಕು?” ಎಂದು ತಿಪ್ಪೇಶ ಕೇಳಿದ.

ಅಭಿನಯ ಕಲಿಸುತ್ತಿದ್ದ ಸಂಗನಗೌಡರು ಒಂದು ಕತೆ ಹೇಳಿದರು.

ಒಬ್ಬ ನಟನಿದ್ದ. ಇಪ್ಪತ್ತು ವರ್ಷ ಸಣ್ಣಪುಟ್ಟ ಹಾಸ್ಯದ ಪಾತ್ರಗಳನ್ನೇ ಮಾಡಿದ್ದ. ಕೊನೆಗೊಮ್ಮೆ ಸಿನಿಮಾದಲ್ಲಿ ದೊಡ್ಡ ಪಾತ್ರ ಸಿಕ್ಕಿತು. ಅದು ಒಬ್ಬ ಅಂಬಿಗನ ಪಾತ್ರ. ಅವನ ದೋಣಿ ಮಗುಚಿ ಒಬ್ಬ ಸತ್ತಿದ್ದಾನೆ. ಸತ್ತವನ ಹೆಂಡತಿಯ ಮುಂದೆ ಕುಳಿತು ಅವನು ತಪ್ಪೊಪ್ಪಿಕೊಳ್ಳಬೇಕು. ಎರಡು ಪುಟದ ಮಾತು.

ನಟ ಒಂದು ತಿಂಗಳು ಅಭ್ಯಾಸ ಮಾಡಿದ. ಚಿತ್ರೀಕರಣದ ದಿನ ಗುಡುಗಿದ, ಅತ್ತ, ಎದೆ ಬಡಿದುಕೊಂಡ. ನಿರ್ದೇಶಕ ಏಳು ಸಲವೂ “ಇನ್ನೊಮ್ಮೆ” ಎಂದ.

“ಒಂದಕ್ಷರ ತಪ್ಪಿಲ್ಲ. ಇನ್ನೇನು ಮಾಡಲಿ?” ನಟ ಸಿಡುಕಿದ. ಪಾತ್ರ ಕೈತಪ್ಪುತ್ತದೆಂದು ಒಳಗೊಳಗೇ ಹೆದರಿದ್ದ.

“ನನಗೂ ತಿಳಿಯುತ್ತಿಲ್ಲ. ಇದೊಂದು ಸಲ ನೋಡೋಣ,” ಎಂದ ನಿರ್ದೇಶಕ.

ಹೆಂಡತಿಯ ಪಾತ್ರಕ್ಕೆ ಚಿತ್ರೀಕರಣ ನಡೆಯುತ್ತಿದ್ದ ಊರಿನ ನೀಲವ್ವ ಎಂಬಾಕೆಯನ್ನು ಕೂರಿಸಿದ್ದರು. ಆಕೆಗೆ ಮಾತಿರಲಿಲ್ಲ. ನಟ ಬೆಳಗಿನಿಂದ ಆಕೆಯ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಎಂಟನೆಯ ಸಲ ನಡುವಿನಲ್ಲೇ, ಕೂಗಿ ಕೂಗಿ, ಅವನ ದನಿ ಒಡೆಯಿತು. ನೀಲವ್ವ ಎದ್ದಳು. ಯಾರೂ ಹೇಳಿರಲಿಲ್ಲ. ಮನೆಯೊಳಗಿನಿಂದ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟಳು.

“ಕುಡಿದು ಹೇಳಪ್ಪಾ. ನಾನು ಕೇಳ್ತೀನಿ,” ಎಂದಳು.

ಕ್ಯಾಮೆರಾ ಓಡುತ್ತಲೇ ಇತ್ತು. ನಟ ತಲೆಯೆತ್ತಿ ಆಕೆಯನ್ನು ನೋಡಿದ. ಕಲಿತದ್ದೆಲ್ಲ ಮರೆತುಹೋಯಿತು. ಚೊಂಬನ್ನು ಮುಟ್ಟುವ ಧೈರ್ಯವಾಗಲಿಲ್ಲ.

“ತಾಯಿ, ಅವನ ಕೈ ನನ್ನ ಕೈಯಲ್ಲೇ ಇತ್ತು. ಜಾರಿಹೋಯಿತು,” ಎಂದ. ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಚೊಂಬನ್ನು ಅವನ ಕಡೆಗೆ ಇನ್ನಷ್ಟು ಸರಿಸಿದಳು. ಅವನು ಕುಡಿದ.

ನಿರ್ದೇಶಕ ಎಷ್ಟೋ ಹೊತ್ತು “ಕಟ್” ಎನ್ನಲಿಲ್ಲ. ಬರೆದಿದ್ದ ಎರಡು ಪುಟವನ್ನು ಮತ್ತೆ ಯಾರೂ ಕೇಳಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ನಟ, “ಅವ್ವಾ, ನೀವು ಎದ್ದದ್ದೇಕೆ?” ಎಂದು ಕೇಳಿದ.

“ಬೆಳಗಿನಿಂದ ನೀನೊಬ್ಬನೇ ಹೇಳ್ಕೋತಾ ಇದ್ದೆ. ಪಾಪ ಅನ್ನಿಸ್ತು,” ಎಂದು ನೀಲವ್ವ ನಕ್ಕಳು. ಅವನೂ ನಕ್ಕ. ಅಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಸಿನಿಮಾ ಬಂತು. ಆ ದೃಶ್ಯ ಬಂದಾಗ ಚಿತ್ರಮಂದಿರದಲ್ಲಿ ಕೆಮ್ಮುವವರೂ ಇರಲಿಲ್ಲ. ವರ್ಷಗಳ ಮೇಲೂ ಜನ ಅವನನ್ನು ಕಂಡರೆ ಅಂಬಿಗ ಎಂದೇ ಕರೆಯುತ್ತಿದ್ದರು.

ಕತೆ ಮುಗಿಯಿತು. ತಿಪ್ಪೇಶ ಕೇಳಿದ: “ಹಾಗಾದರೆ ಉದ್ದದ ಮಾತೇ ತಪ್ಪೇ, ಗುರುಗಳೇ?”

“ಎಷ್ಟು ಉದ್ದವಾದರೂ ಇರಲಿ,” ಎಂದರು ಸಂಗನಗೌಡರು. “ನೀನು ಅದನ್ನು ಯಾರಿಗೆ ಹೇಳುತ್ತಿದ್ದೀಯ?”

ತಿಪ್ಪೇಶ ಅವರ ಮುಖವನ್ನೇ ನೋಡುತ್ತ ತನ್ನ ದೃಶ್ಯದ ಮಾತನ್ನು ಮೊದಲಿನಿಂದ ಹೇಳತೊಡಗಿದ.