ದಡ ಮರೆತ ಅಂಬಿಗ

“ಗುರುಗಳೇ, ಮೈಯಲ್ಲಿ ವಿಷದ ಒಂದು ಕಣವೂ ಹುಟ್ಟದಂತೆ ಬದುಕಲು ಸಾಧ್ಯವೇ?” ಎಂದು ಶಂಭುಲಿಂಗ ಕೇಳಿದ. ಅವನು ವೈದ್ಯ ರೇವಣಸಿದ್ಧಯ್ಯನವರಲ್ಲಿ ಎರಡು ವರ್ಷದಿಂದ ಕಲಿಯುತ್ತಿದ್ದ. ಗುರುಗಳು ಅವನ ಬತ್ತಿದ ಕೆನ್ನೆಗಳನ್ನು ನೋಡಿ ಒಂದು ಕತೆ ಹೇಳತೊಡಗಿದರು.

ಒಬ್ಬ ಅಂಬಿಗನಿದ್ದ. ಮೂವತ್ತು ವರ್ಷ ಒಂದೇ ಹೊಳೆಯಲ್ಲಿ ಹರಿಗೋಲು ಹಾಕಿದವನು. ಎಂದೋ ಬಂದ ಕಾಮಾಲೆ ಅವನ ಯಕೃತ್ತನ್ನು ಅರ್ಧ ತಿಂದುಹಾಕಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಹೊಳೆ ತುಂಬಿ ಬಂದ ಒಂದು ಬೆಳಿಗ್ಗೆ ಹನ್ನೊಂದು ಜನರನ್ನು ಕೂರಿಸಿಕೊಂಡು ಹೊರಟ. ನಡುನೀರಿನಲ್ಲಿ ಅವನ ಕೈ ನಿಂತಿತು. ಯಾವ ದಡದಿಂದ ಬಂದೆ, ಯಾವ ದಡಕ್ಕೆ ಹೋಗಬೇಕು, ಎರಡೂ ಮರೆತುಹೋಯಿತು. ಹರಿಗೋಲು ಗಿರ್ರನೆ ತಿರುಗಿ ಮಡುವಿನ ಕಡೆಗೆ ಜಾರತೊಡಗಿತು. ಒಬ್ಬಾಕೆ ಮಗುವನ್ನು ಎದೆಗವಚಿಕೊಂಡಳು.

ಅಂಬಿಗನ ಮಗಳು ಹುಲಿಗೆವ್ವ ಜನರ ನಡುವೆ ಕೂತಿದ್ದಳು. ಎದ್ದು ಬಂದು ಹುಟ್ಟು ಹಿಡಿದಳು.

“ಅಪ್ಪಾ, ಇಲ್ಲಿ ಕೊಡು. ನೀ ಕೂಡು.”

“ನೀ ಯಾರವ್ವಾ?” ಎಂದ ಅವನು.

ಆ ಮಾತಿಗೆ ಅವಳ ಜೀವವೇ ಹಾರಿಹೋಯಿತು. ಆದರೂ ಸೆಳವಿಗೆ ಎದುರು ಬೀಳದೆ, ಓರೆಯಾಗಿ ಹುಟ್ಟು ಹಾಕುತ್ತ, ಅರ್ಧ ಮೈಲಿ ಕೆಳಗೆ ಒಂದು ಹೊಲದ ಅಂಚಿಗೆ ಹರಿಗೋಲು ತಾಗಿಸಿದಳು. ಹನ್ನೊಂದು ಜನರೂ ಇಳಿದರು.

ಗಾಳಿ ಸೋಕಿದೆ ಎಂದರು ಊರವರು. ಅವಳು ಅಪ್ಪನನ್ನು ನೇರವಾಗಿ ಪಟ್ಟಣದ ವೈದ್ಯೆಯ ಬಳಿಗೆ ಕರೆದೊಯ್ದಳು. ವೈದ್ಯೆ ಅವನ ಕೈಗಳನ್ನು ಮುಂದಕ್ಕೆ ಚಾಚಿಸಿದರು. ಅಂಗೈಗಳು ಹಕ್ಕಿಯ ರೆಕ್ಕೆಯಂತೆ ಬಡಿದುಕೊಂಡವು. ಐದು ದಿನದಿಂದ ಹೊಟ್ಟೆ ಕಟ್ಟಿದೆ ಎಂದು ಮಗಳು ಹೇಳಿದಳು.

“ಉಂಡದ್ದು ಕರುಳಿನಲ್ಲಿ ಕರಗುವಾಗ ಅಮೋನಿಯ ಎಂಬ ವಿಷ ಹುಟ್ಟುತ್ತದಮ್ಮ. ನಿನಗೂ ನನಗೂ ದಿನವೂ ಹುಟ್ಟುತ್ತದೆ. ಯಕೃತ್ತು ಅದನ್ನು ಹಿಡಿದು, ಯೂರಿಯಾ ಮಾಡಿ, ಮೂತ್ರದಲ್ಲಿ ಕಳಿಸುತ್ತದೆ. ನಿಮ್ಮ ಅಪ್ಪನ ಯಕೃತ್ತು ಸೋತಿದೆ. ಹೊಟ್ಟೆಯೂ ಕಟ್ಟಿದ್ದರಿಂದ ಆ ವಿಷ ಹೆಚ್ಚಾಗಿ ಮಿದುಳಿಗೆ ಹೋಗಿದೆ,” ಎಂದರು ವೈದ್ಯೆ.

ಹೊಟ್ಟೆ ಸಡಿಲವಾಗುವಂತೆ ಸಿಹಿಯಾದ ಔಷಧ ಕುಡಿಸಿದರು. ಮೂರನೆಯ ಬೆಳಿಗ್ಗೆ ಅಂಬಿಗ ಕಣ್ಣುಬಿಟ್ಟು, “ಹುಲಿಗೆವ್ವಾ, ಹರಿಗೋಲು ಎಲ್ಲಿ ಕಟ್ಟಿದಿ?” ಎಂದ. ಅವಳು ಅಂಗಳಕ್ಕೆ ಓಡಿಹೋಗಿ, ಗುರುತಿಲ್ಲದವರಿಗೆಲ್ಲ, “ನಮ್ಮಪ್ಪ ನನ್ನ ಹೆಸರು ಹೇಳಿದ, ನನ್ನ ಹೆಸರು ಹೇಳಿದ,” ಎಂದು ಸಾರಿದಳು.

ಅಂಬಿಗ ಮಾತ್ರ ಹೆದರಿಬಿಟ್ಟಿದ್ದ. ಉಣ್ಣುವುದರಿಂದ ವಿಷ ಹುಟ್ಟುವುದಾದರೆ ಉಣ್ಣುವುದೇ ಬೇಡ ಎಂದು ಬೇಳೆ ಬಿಟ್ಟ, ಹಾಲು ಬಿಟ್ಟ, ಮೀನು ಬಿಟ್ಟ. ಮಗಳು ಎಷ್ಟು ಹೇಳಿದರೂ ಗಂಜಿಯ ತಿಳಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮೂರು ತಿಂಗಳಲ್ಲಿ ತೋಳುಗಳು ಕಡ್ಡಿಯಾದವು. ನಾಲ್ಕನೆಯ ತಿಂಗಳು ಮತ್ತೆ ಮಗಳ ಗುರುತು ತಪ್ಪಿತು. ಈ ಸಲ ಎಚ್ಚರವೂ ತಪ್ಪಿತು.

ಅವನನ್ನು ಮತ್ತೆ ವೈದ್ಯೆಯ ಬಳಿಗೆ ತಂದು, ಒಂಬತ್ತು ದಿನ ಹುಲಿಗೆವ್ವ ಅವನ ಪಕ್ಕದಲ್ಲೇ ಕೂತಳು. ಹತ್ತನೆಯ ದಿನ ಅವನು ಎಚ್ಚೆತ್ತ. ವೈದ್ಯೆ ಅವನ ತೋಳನ್ನು ಎತ್ತಿ ಅವನಿಗೇ ತೋರಿಸಿದರು.

“ಯಕೃತ್ತಿಗೆ ಹಿಡಿಯಲಾಗದ ಅಮೋನಿಯವನ್ನು ಈ ಮಾಂಸಖಂಡ ಹೀರಿಕೊಂಡು ನಿಮ್ಮನ್ನು ಕಾಯುತ್ತಿತ್ತು. ನೀವು ಅದನ್ನೇ ಕರಗಿಸಿಬಿಟ್ಟಿರಿ.”

“ಹಾಗಾದರೆ ಆ ವಿಷವನ್ನು ಬೇರುಸಹಿತ ತೆಗೆದುಹಾಕಿ, ತಾಯಿ.”

“ನಿಮ್ಮ ಮೂತ್ರಪಿಂಡವೂ ಅದನ್ನು ತಯಾರಿಸುತ್ತದೆ. ರಕ್ತದಲ್ಲಿ ಹೆಚ್ಚಾದ ಆಮ್ಲವನ್ನು ಅದರ ಜೊತೆ ಸೇರಿಸಿ ಹೊರಗೆ ಹಾಕುತ್ತದೆ. ಅದು ನಿಂತರೆ ಆಮ್ಲವೇ ನಿಮ್ಮನ್ನು ಕೊಲ್ಲುತ್ತದೆ. ಮನೆಗೆ ಹೋಗಿ ಬೇಳೆ ಉಣ್ಣಿ. ಔಷಧ ಬಿಡಬೇಡಿ, ಹೊಟ್ಟೆ ಕಟ್ಟದಂತೆ ನೋಡಿಕೊಳ್ಳಿ.”

ಅಂಬಿಗ ಉಂಡ. ಮರುವರ್ಷದ ಹೊಳೆ ಬರುವ ಹೊತ್ತಿಗೆ ತೋಳು ತುಂಬಿತು. ಅವನು ಮತ್ತೆ ಹುಟ್ಟು ಹಿಡಿದ ಮೊದಲ ದಿನ ಹುಲಿಗೆವ್ವ ಒಬ್ಬಳೇ ಅವನ ಎದುರಿಗೆ ಕೂತಳು. ಕೆಂಪು ನೀರಿನ ಮೇಲೆ ಹರಿಗೋಲು ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಹೋಗಿ ಆಚೆ ದಡ ಮುಟ್ಟಿತು. ಕಾದು ನಿಂತಿದ್ದವರೆಲ್ಲ ಕೇಕೆ ಹಾಕಿದರು.

ಶಂಭುಲಿಂಗನ ಕಣ್ಣು ಅರಳಿತ್ತು. “ಕೊಲ್ಲುವುದೂ ಅದೇ, ಕಾಯುವುದೂ ಅದೇ! ಎಂಥ ಸೋಜಿಗ, ಗುರುಗಳೇ,” ಎಂದ.

ಗುರುಗಳು ಕೇಳಿದರು: “ನೀನು ಊಟ ಬಿಟ್ಟು ಇಂದಿಗೆ ಎಷ್ಟು ದಿನವಾಯಿತು?”