ಬರಿದಾಗಿ ಮೇಲೆ ಬರುವ ಪೆಟ್ಟಿಗೆ

ಬಹಳ ಹಿಂದೆ, ನಮ್ಮ ಈ ಮರಳುಪಾಳ್ಯ ಆಗಷ್ಟೇ ಹುಟ್ಟಿದ್ದ ಕಾಲ. ಎಷ್ಟು ಹಿಂದೆ ಅಂತ ಕೇಳಬೇಡಿ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು, ಆ ಅಜ್ಜಿಯೂ ಕಣ್ಣಾರೆ ಕಂಡವಳಲ್ಲ. ನನ್ನ ಮೋಟು ಸೆರಗು ನೋಡಿ ಆಗಿನಿಂದ ನಗುತ್ತಿದ್ದೀರಲ್ಲ, ನಗಿ. ಅಲ್ಲಿಗೂ ಬರುತ್ತೇನೆ.

ಊರಿನವರು ಹೊಸದಾಗಿ ಜ್ಞಾನಸ್ನಾನ ಪಡೆದಿದ್ದರಂತೆ. ಊರೂರು ತಿರುಗುವ ಉಪದೇಶಿಯೊಬ್ಬ ಬಂದು, ಯೇಸುವಿನ ಮೊದಮೊದಲ ಭಕ್ತರು ಹೊಲ ಮನೆ ಎಲ್ಲವನ್ನೂ ಒಟ್ಟಿಗೆ ಹಾಕಿ ಬಾಳಿದರು, ಅವರಲ್ಲಿ ಇಲ್ಲದವರು ಅಂತ ಯಾರೂ ಇರಲಿಲ್ಲ ಅಂತ ಹೇಳಿದನಂತೆ. ಹೇಳಿದವನು ಹೇಳಿ ಹೋದ. ಕೇಳಿದ ಈ ಹುಚ್ಚರು ಮಾಡಿಯೇಬಿಟ್ಟರು.

ರಾಗಿಯೆಲ್ಲ ನೆಲದೊಳಗಿನ ಒಂದೇ ಹಗೇವಿಗೆ ಬಿತ್ತು. ಎತ್ತುಗಳೆಲ್ಲ ಒಂದೇ ಕೊಟ್ಟಿಗೆಗೆ ಬಂದವು. ಹಾಲು ಯಾರದೇ ಹಸುವಿನದಾಗಲಿ, ಕೂಸಿರುವ ಮನೆಗೆ ಹೋಯಿತು. ಗದ್ದೆ ತುಂಬ ಇದ್ದ ಇನ್ನಾಸಪ್ಪ ಗದ್ದೆ ಕೊಟ್ಟ. ಚಪ್ಪಲಿ ಹೊಲಿಯುವ ಯಾಗಪ್ಪ ತನ್ನಲ್ಲಿದ್ದ ಉಳಿಯನ್ನೇ ತಂದಿಟ್ಟ. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಮುದ್ದೆ ಮುರಿದರಂತೆ. ಸುತ್ತಲ ಹಳ್ಳಿಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಬಡಗಿ ಚೌರಪ್ಪನೂ ಎಲ್ಲ ಕೊಟ್ಟನಂತೆ, ಒಂದನ್ನು ಬಿಟ್ಟು. ಅದು ಹಲಸಿನ ಹಲಗೆಯ ಶವಪೆಟ್ಟಿಗೆ. ಹೆಂಡತಿ ಆರೋಗ್ಯಮ್ಮನಿಗೆಂದೇ ಮಾಡಿಟ್ಟದ್ದು. ಅವಳ ತಾಯಿಯನ್ನು ಬರಿ ಚಾಪೆಯಲ್ಲಿ ಹೂಳಿದಾಗ ಮುಖದ ಮೇಲೆ ಮಣ್ಣು ಬಿದ್ದದ್ದನ್ನು ಅವಳು ನೋಡಿದ್ದಳು. ಹಾವಿಗೆ ಹೆದರದವಳು, ಗುಡುಗಿಗೆ ಹೆದರದವಳು, ಆ ಮಣ್ಣಿಗೆ ಮಾತ್ರ ಹೆದರುತ್ತಿದ್ದಳಂತೆ. ನಿನ್ನ ಮುಖಕ್ಕೆ ಮಣ್ಣು ತಾಕಗೊಡುವುದಿಲ್ಲ ಅಂತ ಅವನು ಮಾತು ಕೊಟ್ಟಿದ್ದ. ಊರೂ ಅದನ್ನು ಕೇಳಲು ಹೋಗಲಿಲ್ಲ. ಸಾವಿನ ಸಾಮಾನು ಯಾರಿಗೆ ಬೇಕು?

ಆಮೇಲೆ ಜ್ವರ ಬಂತು. ಒಂದೇ ಬೆಳಗ್ಗೆ ಇನ್ನಾಸಪ್ಪನ ತಂದೆಯೂ ಸತ್ತ, ಯಾಗಪ್ಪನ ತಾಯಿಯೂ ಸತ್ತಳು. ಇನ್ನೊಂದು ಪೆಟ್ಟಿಗೆಗೆ ಊರಲ್ಲಿ ಹಲಗೆಯಿಲ್ಲ, ಇದ್ದೊಂದನ್ನು ಕೇಳಲು ಇಬ್ಬರೂ ಚೌರಪ್ಪನ ಬಾಗಿಲಿಗೆ ಬಂದರು. ಗದ್ದೆ ಕೊಟ್ಟವನು ನಾನು ಅಂತ ಇನ್ನಾಸಪ್ಪ ಅಂದನಂತೆ. ಯಾಗಪ್ಪ ಬಾಗಿಲು ಬಿಟ್ಟು ಕದಲಲಿಲ್ಲವಂತೆ. ಒಂದು ಸಾಲಿನಲ್ಲಿ ಉಂಡವರು ಒಂದು ಪೆಟ್ಟಿಗೆಗೆ ಎರಡಾದರು. ಊರೂ ಎರಡಾಯಿತು, ಹಗೇವಿನ ಬಾಯಿ ತೆಗೆದು ನಮ್ಮ ರಾಗಿ ನಮಗೆ ಕೊಡಿ ಅನ್ನುವವರೆಗೆ ಹೋಯಿತು.

ಚೌರಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಉಳಿಯ ಸದ್ದು ಕೇಳಿತು. ಬಿಸಿಲೇರುವ ಹೊತ್ತಿಗೆ ಪೆಟ್ಟಿಗೆ ಹೊತ್ತು ತಂದ. ಮೊದಲು ಯಾಗಪ್ಪನ ತಾಯಿಯನ್ನು ಮಲಗಿಸಿ ಅಂದ. ಹಗ್ಗ ಕಟ್ಟಿ ಗುಂಡಿಗೆ ಇಳಿಸಿದರು. ನೆಲಕ್ಕೆ ಇನ್ನೂ ಒಂದು ಮೊಳವಿದೆ ಅನ್ನುವಾಗ ಚೌರಪ್ಪ ಒಂದು ಹುರಿ ಎಳೆದ. ಅಗುಳಿ ಠಕ್ ಅಂತು. ಪೆಟ್ಟಿಗೆಯ ತಳವೇ ಕದದ ಹಾಗೆ ತೆರೆದುಕೊಂಡಿತು. ಮುದುಕಿ ಮಣ್ಣಿನಲ್ಲಿ ಉಳಿದಳು, ಪೆಟ್ಟಿಗೆ ಬರಿದಾಗಿ ಮೇಲೆ ಬಂತು.

ಊರು ಬೆಚ್ಚಿಬಿತ್ತಂತೆ. ಹೆಂಗಸರು ಕಿವಿ ಮುಚ್ಚಿಕೊಂಡರಂತೆ. ಹೆಣದ ಕೈಯಿಂದ ಕಿತ್ತುಕೊಳ್ಳುವವನು ಇವನೆಂಥ ಮನುಷ್ಯ ಅಂತ ಇನ್ನಾಸಪ್ಪ ಕೂಗಿದನಂತೆ. ಚೌರಪ್ಪ ಪೆಟ್ಟಿಗೆಯನ್ನು ಒರೆಸಿ ಅವನ ಮುಂದೆಯೇ ಇಟ್ಟ. ಮಧ್ಯಾಹ್ನಕ್ಕೆ ಇನ್ನಾಸಪ್ಪನ ತಂದೆಯೂ ಅದರಲ್ಲೇ ಇಳಿದ. ಹಗೇವಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಆದರೆ ಜ್ವರ ನಿಲ್ಲಲಿಲ್ಲ. ಆರೋಗ್ಯಮ್ಮನೂ ಮಲಗಿದಳು. ಗಂಡನನ್ನು ಹತ್ತಿರ ಕರೆದು, "ನನ್ ಪೆಟ್ಗೆ ನಂಗೇ ಇರ್ಲಿ ಅಂದ್ರೆ ತಪ್ಪಾ?" ಅಂದಳಂತೆ. ಅವನ ಉತ್ತರ ಕೇಳದೆಯೇ ಹೋದಳು. ಇದನ್ನು ಹೇಳುವಾಗಲೆಲ್ಲ ನನಗೆ ಆ ಗಂಡಸಿನ ಮೇಲೆ ಸಿಟ್ಟು ಬರುತ್ತದೆ. ತಪ್ಪಲ್ಲ ಅನ್ನುವುದಕ್ಕೆ ಏನಾಗಿತ್ತು ಅವನಿಗೆ?

ಈ ಸಲ ಊರಿಗೆ ಊರೇ ಅಂದಿತಂತೆ, ಪೆಟ್ಟಿಗೆ ಅವಳದು, ಅವಳೊಂದಿಗೇ ಹೋಗಲಿ, ನಮಗೆ ಚಾಪೆ ಸಾಕು. ಇನ್ನಾಸಪ್ಪ ಕೈ ಮುಗಿದು ಕೇಳಿಕೊಂಡನಂತೆ. ಚೌರಪ್ಪ ಯಾರ ಮುಖವನ್ನೂ ನೋಡಲಿಲ್ಲ. ಪೆಟ್ಟಿಗೆ ಇಳಿಯಿತು. ಮೊಳ ಉಳಿಯಿತು. ಹುರಿ ಅವನ ಕೈಯಲ್ಲಿತ್ತು. ಎಳೆಯಲಾರ, ಎಳೆಯಲಾರ ಅಂತ ಎಲ್ಲರೂ ಅಂದುಕೊಂಡರಂತೆ.

ಎಳೆದ.

ಪೆಟ್ಟಿಗೆ ಬರಿದಾಗಿ ಮೇಲೆ ಬಂತು. ಜ್ವರದ ವರ್ಷ ಮೈಮೇಲಿದ್ದದ್ದು ಬಿಟ್ಟರೆ ಮುಖ ಮುಚ್ಚುವಷ್ಟು ಬಟ್ಟೆಯೂ ಯಾರಲ್ಲೂ ಉಳಿದಿರಲಿಲ್ಲ. ಗುಂಡಿಯಲ್ಲಿ ಆರೋಗ್ಯಮ್ಮನ ಮುಖ ಬಯಲಾಗಿತ್ತು. ಗುದ್ದಲಿ ಹಿಡಿದವರು ಹಿಡಿದಂತೆಯೇ ನಿಂತುಬಿಟ್ಟರು.

ಆಗ ಯಾಗಪ್ಪ ಗುಂಡಿಗೆ ಇಳಿದ. ಮೈಮೇಲಿದ್ದ ಒಂದೇ ವಲ್ಲಿಯನ್ನು ತೆಗೆದು ಅವಳ ಮುಖಕ್ಕೆ ಹೊದಿಸಿದ. ಹಿಂದಿನ ಕಾಲವಾಗಿದ್ದರೆ ಅವನ ಬಟ್ಟೆಯ ಗಾಳಿಯೂ ಬಡಗಿಯ ಮನೆಗೆ ಸೋಕುವಂತಿರಲಿಲ್ಲ. ಇನ್ನಾಸಪ್ಪ ತನ್ನ ಜರಿಯ ಶಲ್ಯ ಹಾಕಿದ. ಹೆಂಗಸರು ಸೆರಗಿನ ತುದಿ ಹರಿದು ಹಾಕಿದರು. ಒಬ್ಬರ ಮೇಲೊಬ್ಬರು ಹಾಕುತ್ತಲೇ ಹೋದರಂತೆ, ಮಣ್ಣಿಗೆ ದಾರಿಯೇ ಇಲ್ಲದ ಹಾಗೆ.

ಚೌರಪ್ಪ ಮತ್ತೆ ಪೆಟ್ಟಿಗೆ ಮಾಡಲಿಲ್ಲವಂತೆ. ಅವನೂ ಅದರಲ್ಲೇ ಇಳಿದನಂತೆ.

ಇವತ್ತಿಗೂ ಮರಳುಪಾಳ್ಯಕ್ಕೆ ಒಂದೇ ಪೆಟ್ಟಿಗೆ. ಯೇಸುವಿನ ಗುಡಿಯ ಹಿಂದೆ ತೂಗುಹಾಕಿದ್ದಾರೆ, ಹೋಗಿ ನೋಡಿ. ಹಲಗೆ ಎಷ್ಟೋ ಸಲ ಬದಲಾಗಿದೆ, ಅಗುಳಿ ಅದೇ ಅನ್ನುತ್ತಾರೆ. ಅದು ಠಕ್ ಅಂದಾಗ ಇವತ್ತಿಗೂ ಎಲ್ಲರೂ ಬೆಚ್ಚುತ್ತಾರೆ. ಆಮೇಲೆ ಗಂಡಸರು ವಲ್ಲಿ ತೆಗೆಯುತ್ತಾರೆ, ಹೆಂಗಸರು ಸೆರಗು ಹರಿಯುತ್ತಾರೆ.

ನನ್ನ ತಂಗಿಯನ್ನು ಇಳಿಸಿ ಇನ್ನೂ ತಿಂಗಳಾಗಿಲ್ಲ. ಈಗ ನಗಿ ನೋಡೋಣ, ನನ್ನ ಸೆರಗಿಗೆ.